ಮೂಲೆಗೆ ಬಾಗಿಲಿಟ್ಟ ಮನೆ

ನಮ್ಮ ಹೆಡ್‌ಮಾಸ್ತರರ ಪ್ರಕಾರ ಮಕ್ಕಳಿಗೆ ತೋರಿಸಬೇಕಾದ ಊರು ಜಗತ್ತಿನಲ್ಲಿ ಒಂದೇ, ಬಾದಾಮಿ. ಹುನಗುಂದದ ಈ ಹೈಸ್ಕೂಲಿಗೆ ನಾನು ಡ್ರಾಯಿಂಗ್ ಟೀಚರಾಗಿ ಸೇರಿ ಹದಿಮೂರು ವರ್ಷವಾಯಿತು. ಹದಿಮೂರು ಸಲ ಒಂಬತ್ತನೇ ಕ್ಲಾಸಿನವರನ್ನು ಬಾದಾಮಿಗೆ ಕರೆದೊಯ್ದು, ಅವೇ ಮೆಟ್ಟಿಲು ಹತ್ತಿಸಿ, ಅವೇ ಮಂಗಗಳಿಗೆ ನಮ್ಮ ಬುತ್ತಿ ಒಪ್ಪಿಸಿ ಬಂದಿದ್ದೇನೆ. ಈ ವರ್ಷ ಸ್ಟಾಫ್ ರೂಮಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ.

"ಸರ್, ಬಾದಾಮಿ ಎಲ್ಲಿಗೂ ಓಡಿ ಹೋಗೂದಿಲ್ಲ. ಈ ಹುಡುಗರ ಅವ್ವ ಅಪ್ಪನ ಕಣ್ಣ ಮುಂದ ಒಂದು ಇಡೀ ಊರು ಎದ್ದು ನಿಂತೈತಿ, ಬಾಗಲಕೋಟಿ ನವನಗರ. ಅದನ್ನ ನಡಕೊಂತ ತೋರಸೋಣ್ರಿ" ಎಂದೆ.

"ಅಲ್ಲೇನೈತ್ರಿ ಟೀಚರ್ರ, ಬರೇ ಸಿಮಿಟು" ಎಂದು ನಕ್ಕರು. ನಾನು ನಗಲಿಲ್ಲವಾದ್ದರಿಂದ, "ಆತು, ಮೊದಲ ನೀವು ಒಬ್ರ ನಡದು ನೋಡಿ ಬರ್ರಿ. ನೋಡುವಂಥಾ ಹನ್ನೆರಡು ಕಟ್ಟಡ ಸಿಕ್ಕರ ಆಮ್ಯಾಲ ಮಾತು" ಎಂದರು.

ಹನ್ನೆರಡೇ? ನಾನು ಇಪ್ಪತ್ತು ತರುತ್ತೇನೆ ಎಂದು ಮನಸ್ಸಿನಲ್ಲೇ ಪಂಥ ಕಟ್ಟಿ ಭಾನುವಾರ ಬೆಳಗಿನ ಮೊದಲ ಬಸ್ಸು ಹತ್ತಿದೆ. ನನ್ನ ನಡಿಗೆಗೆ ನಾನೇ ಗೈಡು, ನಾನೇ ಗಿರಾಕಿ. ನಿಯಮಗಳನ್ನೂ ನಾನೇ ಬರೆದುಕೊಂಡಿದ್ದೆ. ಆಟೋ ಹತ್ತಬಾರದು. ಪ್ರತಿ ಕಟ್ಟಡದ ಎದುರು ಕನಿಷ್ಠ ಹತ್ತು ನಿಮಿಷ ನಿಲ್ಲಬೇಕು. ಯಾರನ್ನೂ ಏನೂ ಕೇಳಬಾರದು, ಗೋಡೆಯೇ ಮಾತಾಡಬೇಕು.

ಬಸ್ಸು ಊರು ದಾಟುವ ಮುಂಚೆಯೇ ಇಳಕಲ್ಲಿನಿಂದ ನಮ್ಮ ಅಣ್ಣ ಶ್ರೀಶೈಲನ ಫೋನು ಬಂತು.

"ರೋಹಿಣಿ, ಸಂಜಿ ಐದಕ್ಕ ಕೆರೂರವರಿಗೆ ಮಾತು ಕೊಡಬೇಕು. ಹೂಂ ಅಂತೀಯೋ ಇಲ್ಲ ಅಂತೀಯೋ, ಅದರೊಳಗ ಹೇಳು."

"ಹೇಳ್ತೇನಿ."

"ಕಿಟಕಿ ಎಣಸಾಕ ಹೋಗಿ ಮರತೀ ಮತ್ತ."

ಕೆರೂರವರೆಂದರೆ ನನ್ನನ್ನು ನೋಡಿ ಹೋದ ಹನ್ನೆರಡನೇ ಮನೆಯವರು. ನನಗೆ ಮೂವತ್ತೆಂಟು. ವರನಿಗೆ ನಲವತ್ತಾರು, ಕಬ್ಬಿಣದ ಸಾಮಾನಿನ ಅಂಗಡಿ. ಅವರು ಕೇಳಿದ್ದು ಒಂದೇ. "ಡ್ರಾಯಿಂಗಂದ್ರ ಅದೇನು ನೌಕರಿ, ಮದುವಿ ಆದಮ್ಯಾಲ ಬಿಟ್ಟರಾತು." ಮೊದಲಿನ ಹನ್ನೊಂದು ಮನೆಯವರಿಗೆ ನನ್ನ ಬಾಯಿಯೇ ಅಡ್ಡ ಬಂದಿತ್ತು. ಈ ಸಲ ಬಾಯಿ ಮುಚ್ಚಿಕೊಂಡು, "ಅಣ್ಣ ಹೆಂಗಂತಾನ ಹಂಗ" ಎಂದುಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿ ಹೋಗಿತ್ತು. ಹೂಂ ಅನ್ನುವುದೆಂದು ಮುಕ್ಕಾಲು ಪಾಲು ತೀರ್ಮಾನವೂ ಆಗಿತ್ತು.

ಆದರೆ ನವನಗರದಲ್ಲಿ ಇಳಿದದ್ದೇ ತಡ, ಕೆರೂರು ನನ್ನ ತಲೆಯಿಂದ ಹಾರಿಹೋಯಿತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ಬಂದಾಗ ಎದ್ದು ಬಂದ ಜನ ಇಲ್ಲಿ ಸೆಕ್ಟರು ಸೆಕ್ಟರಾಗಿ ಕೂತಿದ್ದಾರೆ. ರಸ್ತೆಗಳು ಸ್ಕೇಲಿಟ್ಟು ಎಳೆದಷ್ಟು ನೆಟ್ಟಗೆ. ಆ ನೆಟ್ಟಗಿನ ರಸ್ತೆಗಳ ಮೇಲೆ ಜನ ಮಾತ್ರ ತಮ್ಮ ಮನಸ್ಸಿಗೆ ಬಂದಂತೆ ಕಟ್ಟಿದ್ದಾರೆ. ಒಂದು ಕಚೇರಿಯ ಕಿಟಕಿ ಎಣಿಸುತ್ತ ನಿಂತಾಗ ವಾಚ್‌ಮನ್ ಬಂದು "ಏನ ಎಣಸಾಕತ್ತೀರಿ?" ಎಂದ. ಕಿಟಕಿ ಎಂದೆ. ಅವನೂ ಬಗಲಿಗೆ ನಿಂತು ಎಣಿಸಿದ. ನನ್ನದು ನೂರಾ ಆರು ಬಂತು, ಅವನದು ನೂರಾ ಎಂಟು. ಇಬ್ಬರೂ ಮತ್ತೊಮ್ಮೆ ಎಣಿಸಿ ನೂರಾ ಏಳಕ್ಕೆ ರಾಜಿಯಾದೆವು.

ಮುಂದೆ ಎಂಟು ಕಾಲಿನ ನೀರಿನ ಟ್ಯಾಂಕು. ಅದರಾಚೆ ಹಡಗಿನಂಥ ಬಾಲ್ಕನಿ ಇಟ್ಟ ಮನೆ, ಅದಕ್ಕೆ ಸಿಮೆಂಟಿನ ಲಂಗರು ಬೇರೆ. ಸಮುದ್ರ ಇಲ್ಲಿಂದ ಎಷ್ಟು ದೂರ ಎಂದು ಮನೆಯವರನ್ನು ಕೇಳಬೇಕೆನಿಸಿತು, ನಿಯಮ ನೆನಪಾಗಿ ತುಟಿ ಕಚ್ಚಿಕೊಂಡೆ. ಇನ್ನೊಂದು ಮನೆಯವರು ಕಂಪೌಂಡು ಗೋಡೆಯ ಉದ್ದಕ್ಕೂ ಕೆಂಪು ಬಿಳಿ ಟೈಲ್ಸಿನಲ್ಲಿ ನಮ್ಮ ಇಳಕಲ್ ಸೀರೆಯ ಹಲ್ಲು ಹಲ್ಲಿನ ಟೋಪಿ ತೆನಿ ಸೆರಗನ್ನೇ ಹಾಸಿದ್ದರು. ಇಳಕಲ್ಲಿನಲ್ಲಿ ಹುಟ್ಟಿದವಳು ನಾನು, ಆ ಗೋಡೆಯನ್ನು ಅಪ್ಪಿಕೊಳ್ಳದೆ ಬಂದದ್ದು ದೊಡ್ಡ ಮಾತು. ಹನ್ನೊಂದು ಗಂಟೆಗೆ ಒಂದೇ ಮೆಡಿಕಲ್ ಶಾಪಿನ ಮುಂದೆ ಮೂರನೇ ಸಲ ಬಂದು ನಿಂತಿದ್ದೆ. ದಾರಿ ತಪ್ಪಿದ್ದಕ್ಕೆ ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅಂಗಡಿಯವನೂ ನಕ್ಕ.

ಒಂಬತ್ತನೆಯದು ಆ ಮನೆ.

ಎರಡು ರಸ್ತೆ ಕೂಡುವ ಮೂಲೆಯ ಸೈಟು. ಓಣಿಯ ಮನೆಗಳೆಲ್ಲ ರಸ್ತೆಗೆ ಎದೆಗೊಟ್ಟು ನಿಂತಿದ್ದರೆ, ಇದರ ಮುಂದಿನ ಮೂಲೆಯನ್ನೇ ಓರೆಯಾಗಿ ಕತ್ತರಿಸಿ, ಆ ಕತ್ತರಿಸಿದ ಜಾಗದಲ್ಲಿ ಬಾಗಿಲು ಇಟ್ಟಿದ್ದರು. ಬಾಗಿಲೂ ಎಂಥದ್ದು! ಗೇಣು ಗೇಣು ಅಗಲದ ಸಾಗವಾನಿ ಹಲಗೆ, ಹಿತ್ತಾಳೆಯ ಹೂವು, ಚೌಕಟ್ಟಿನ ತಲೆಯ ಮೇಲೆ ಎದುರುಬದುರು ಗಿಳಿ. ಹಳೆಯ ಊರಿನಿಂದ ಬಂದ ಬಾಗಿಲು ಅನ್ನುವುದರಲ್ಲಿ ಸಂಶಯವೇ ಇರಲಿಲ್ಲ. ಅದರ ಎಡಬಲಕ್ಕೆ ಮಾತ್ರ ಬಣ್ಣವಿಲ್ಲದ ಬೂದು ಸಿಮೆಂಟು.

ಯಾಕೆ ಓರೆ? ನನಗೆ ಹುಚ್ಚು ಹಿಡಿಯಿತು. ರಸ್ತೆಯ ಆಚೆ ಹೋಗಿ ನೋಡಿದೆ, ಈಚೆ ಬಂದು ನೋಡಿದೆ. ಒಂದು ಕಣ್ಣು ಮುಚ್ಚಿ ಪೆನ್ಸಿಲು ಹಿಡಿದು ಅಳೆದೆ. ಗೋಡೆಯ ಉದ್ದಕ್ಕೆ ಹೆಜ್ಜೆ ಎಣಿಸಿದೆ, ಬೆರಳಿನಿಂದ ಸಿಮೆಂಟಿನ ಗಿಲಾಯಿ ಬಡಿದು ನೋಡಿದೆ, ಬಗ್ಗಿ ಗಟಾರವನ್ನೂ ಪರೀಕ್ಷಿಸಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎದುರು ಮನೆಯ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕೂತಿದ್ದ ಹೆಂಗಸೊಬ್ಬಳು ಇಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಮೊರ ಕೆಳಗಿಟ್ಟು ಎದ್ದವಳೇ ಸರಸರ ಆ ಮನೆಯ ಹಿತ್ತಲ ಕಡೆ ಹೋದಳು.

ಎರಡು ನಿಮಿಷಕ್ಕೆ ಗಿಳಿಯ ಬಾಗಿಲು ತೆರೆಯಿತು. ಹಣೆ ತುಂಬ ವಿಭೂತಿಯ ಮುದುಕಿ, ಉಸಿರು ಏರಿದೆ, ಸೆರಗು ಆಗಷ್ಟೇ ಸರಿಮಾಡಿಕೊಂಡದ್ದು.

"ಯವ್ವಾ, ಬಿಸಲಾಗ ಯಾಕ ನಿಂತೀರಿ? ಹೊರಗಿಂದ ನೋಡಿದ್ರ ಏನು ತಿಳಿತೈತಿ, ಒಳಗ ಬಂದು ನೋಡ್ರಿ."

ನಡೆದು ನೋಡುವವರಿಗೆ ಇಂಥ ಕರೆ ಬಂದರೆ ಬಿಡುವವರುಂಟೆ? ಚಪ್ಪಲಿ ಕಳಚಿ ನುಗ್ಗಿದೆ. ಮುದುಕಿಯ ಹೆಸರು ಸಿದ್ದವ್ವ. ಯಾವೂರು, ಯಾರ ಪೈಕಿ ಎಂದು ಕೇಳಿದಳು. ನಾನು ನನ್ನೂರು, ಅಪ್ಪನ ಹೆಸರು, ಮನೆತನ ಹೇಳಿದ್ದಕ್ಕೆ "ಚೊಲೋ ಆತು, ನಮ್ಮವರಽ" ಎಂದಳು. ಕಾಲಿಗೆ ನೀರು ಕೊಟ್ಟಳು. ಅಡುಗೆಮನೆಗೆ ಕರೆದೊಯ್ದು ನಳ ತಿರುವಿ, "ನೋಡ್ರಿ, ನೀರಿಗೆ ತ್ರಾಸಿಲ್ಲ" ಎಂದಳು. ನಾನು ಬರೆದುಕೊಂಡೆ. ನಾನು ಬರೆದಷ್ಟೂ ಅವಳಿಗೆ ಹುರುಪು. ಸಾಮಾನಿನ ಕೋಣೆ, ದೇವರ ಕೋಣೆ, ಕೊನೆಗೆ ಬಚ್ಚಲು ಸೈತ ತೆರೆದು ತೋರಿಸಿದಳು. ಆಮೇಲೆ ಚಾಪೆ, ಉಪ್ಪಿಟ್ಟು, ಶೇಂಗಾ ಉಂಡಿ, ಚಹಾ. ನವನಗರದವರ ಕಟ್ಟಡಪ್ರೀತಿಗೆ ನನ್ನ ಕಣ್ಣು ತುಂಬಿ ಬಂತು.

"ನಾಗಲಿಂಗಾ, ಬಾರೋ ಇಲ್ಲೆ" ಎಂದು ಸಿದ್ದವ್ವ ಹಿತ್ತಲಿಗೆ ಕೂಗಿದಳು. ಕೂದಲಲ್ಲಿ ಕಟ್ಟಿಗೆಯ ಹೊಟ್ಟು ಸಿಕ್ಕಿಸಿಕೊಂಡ ಎತ್ತರದ ಮನುಷ್ಯನೊಬ್ಬ ಬಂದು ಗೋಡೆಗೆ ಒರಗಿ ನಿಂತ.

"ಇವನಽ ನೋಡ್ರಿ ನನ್ನ ಮಗ. ಐಟಿಐದಾಗ ಬಡಿಗತನ ಕಲಸ್ತಾನ, ನೌಕರಿ ಕಾಯಂ. ಎಲಿ ಅಡಕಿ ಸೈತ ಮುಟ್ಟೂದಿಲ್ಲ. ನಲವತ್ತೊಂದು ಖರೆ, ಆದ್ರ ಕಣ್ಣು ಹಲ್ಲು ಎಲ್ಲಾ ಭೇಷ್ ಅದಾವ" ಎಂದಳು. ನಂತರ ನನ್ನ ಕಡೆ ಬಾಗಿ ಮೆಲ್ಲಗೆ, "ಹುಡುಗಿ ನಿಮಗ ಏನಾಗಬೇಕ್ರಿ? ಅಣ್ಣನ ಮಗಳೇನು?" ಎಂದಳು.

ಬಾಯಲ್ಲಿದ್ದ ಉಂಡಿ ಅಲ್ಲೇ ನಿಂತಿತು.

ನಮ್ಮ ಕಡೆ ಮಾತುಕತೆಗೆ ಮುಂಚೆ ಹೆಣ್ಣಿನ ಕಡೆಯವರು ಸುದ್ದಿ ಕೊಡದೆ ಬಂದು ಗಂಡಿನ ಮನೆ ನೋಡಿ ಹೋಗುವುದುಂಟು. ಗೋಡೆ ನೆಟ್ಟಗಿದೆಯೆ, ನೀರು ಬರುತ್ತದೆಯೆ, ಗಟಾರ ನಾರುತ್ತದೆಯೆ, ಎಲ್ಲ ನೋಡುತ್ತಾರೆ. ಹೀಗಾಗಿ ಮದುವೆಗೆ ಗಂಡಿರುವ ಮನೆಯ ಮುಂದೆ ಯಾರಾದರೂ ಹತ್ತು ನಿಮಿಷ ದಿಟ್ಟಿಸಿ ನಿಂತರೆ ಅವರು ಯಾರೆಂದು ಕೇಳುವ ಪದ್ಧತಿಯೇ ಇಲ್ಲ, ಉಪ್ಪಿಟ್ಟಿಗೆ ಒಗ್ಗರಣೆ ಹಾಕುವುದೇ. ಆಮೇಲೆ ತಿಳಿದದ್ದು, ಆ ವಾರ ಬನಶಂಕರಿಯಿಂದ ಯಾರೋ ಬರುವವರಿದ್ದರಂತೆ. ಎದುರು ಮನೆಯ ಮಾಬುಬಿ ನಾಲ್ಕು ದಿನದಿಂದ ಕಟ್ಟೆಯ ಮೇಲೆ ಕಾವಲಿಗೇ ಕೂತಿದ್ದಳಂತೆ.

ನಾಚಿಕೆಗಿಂತ ಮೊದಲು ನನಗೆ ಸಿಟ್ಟು ಬಂತು. ಅಣ್ಣನ ಮಗಳಂತೆ! ನಾನು ಯಾರಿಗೋ ಅತ್ತಿ ಹಾಗೆ ಕಾಣುತ್ತೇನೆಯೆ? ನಿಜ ಹೇಳಿ ಎದ್ದು ಬಿಡಬೇಕೆಂದು ಉಂಡಿ ನುಂಗಿ ತಲೆ ಎತ್ತಿದೆ. ಆಗ ಮೇಲೆ ತೊಲೆ ಕಂಡಿತು.

ಪಡಸಾಲೆಯ ನೆತ್ತಿಯ ಮೇಲೆ ಕಪ್ಪಗೆ ಮಿರಿಮಿರಿ ಮಿಂಚುವ ಒಂದೇ ತುಂಡಿನ ತೊಲೆ. ಎಲ್ಲರ ಮನೆಯಲ್ಲಿ ಇರುವಂತೆ ಗೋಡೆಯಿಂದ ಗೋಡೆಗೆ ಅಲ್ಲ, ಮೂಲೆಯಿಂದ ಮೂಲೆಗೆ! ಅದರ ಒಂದು ತುದಿ ಆ ಓರೆ ಬಾಗಿಲಿನ ತಲೆಯ ಮೇಲೆ ಬಂದು ಕೂತಿತ್ತು.

"ಈ ಪಡಸಾಲಿ ಹದಿನೆಂಟು ಇಪ್ಪತ್ನಾಲ್ಕು ಏನ್ರಿ?" ಎಂದೆ.

"ಹೂಂ" ಎಂದ ನಾಗಲಿಂಗ.

"ಅಂದ್ರ ಮೂಲಿಂದ ಮೂಲಿಗೆ ಮೂವತ್ತು. ತೊಲಿ?"

"ಇಪ್ಪತ್ತೆಂಟು."

"ಎರಡು ಫೂಟು ಕಡಿಮಿ ಬಿತ್ತು! ಅದಕ್ಕಽ ಮೂಲಿ ಕತ್ತರಿಸಿ ಅಲ್ಲೇ ಬಾಗಲಾ ಇಟ್ಟೀರಿ! ತೊಲಿ ಕೊಯ್ಯಬಾರದು ಅಂತ ಇಡೀ ಮನಿ ತಿರುಗಿಸೀರಿ!" ನಾನು ಚಹಾದ ಕಪ್ಪು ಹಿಡಿದುಕೊಂಡೇ ಎದ್ದು ನಿಂತಿದ್ದೆ.

ನಾಗಲಿಂಗ ಗೋಡೆ ಬಿಟ್ಟು ನೆಟ್ಟಗಾದ. "ಹೇಳದಽ ತಿಳಕೊಂಡವರು ನೀವಽ ಮೊದಲ" ಎಂದ. ಹಳೆಯ ಮನೆ ಬಿಚ್ಚಿದಾಗ ಅಪ್ಪ ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದದ್ದಂತೆ. ಹೊಸ ಸೈಟುಗಳು ಸಣ್ಣವು. ಸುತ್ತಲಿನವರೆಲ್ಲ ತಮ್ಮ ತೊಲೆಗಳನ್ನು ಎರಡು ತುಂಡು ಮಾಡಿಕೊಂಡರು. "ನನಗ ಕೈ ಬರಲಿಲ್ರಿ. ಹದಿನೈದು ವರ್ಷ ಹಿತ್ತಲದಾಗ ಮುಚ್ಚಿ ಇಟ್ಟಿದ್ದೆ, ಆಮ್ಯಾಲ ಇದರ ಸಲುವಾಗಿನಽ ಮನಿ ಹಿಂಗ ಕಟ್ಟಿದೆ. ಬರ್ರಿ, ಏಣಿ ಹತ್ತಿ ನೋಡ್ರಿ, ಚೌಕಟ್ಟಿಗೆ ಕೂಡಿಸಿದ ಕಡೆ ಒಂದು ಮೊಳಿ ಇಲ್ಲ."

ಈಗ ಹೇಳಿ, ಆ ಹೊತ್ತಿನಲ್ಲಿ ನಿಜ ಹೇಳಲು ನಾನೇನು ಹುಚ್ಚಿಯೆ? ಏಣಿ ಹತ್ತಿದೆ. ಹಳೆಯ ಸಾಗವಾನಿ ಹೊಸ ಸಿಮೆಂಟಿನೊಳಗೆ ಕೂತ ಬಗೆ ನೋಡಿ, "ನಮ್ಮ ಇಳಕಲ್ಲ ಸೀರಿ ಮೈಗೂ ಸೆರಗಿಗೂ ಎಳಿ ಎಳಿ ಕೊಂಡಿ ಹಾಕಿ ಕೂಡಸ್ತಾರಲ್ರಿ, ಅದಽ ಇದು!" ಎಂದು ಕೂಗಿದೆ. ಅವನು ಕೆಳಗೆ ಏಣಿ ಹಿಡಿದುಕೊಂಡು, "ಎಡಕ್ಕ ನೋಡ್ರಿ, ಅಲ್ಲಿನ್ನೂ ಐತಿ" ಎಂದು ನನಗಿಂತ ಜೋರಾಗಿ ಕೂಗಿದ. ಹತ್ತು ನಿಮಿಷ ನಾವಿಬ್ಬರೂ ಜಾತ್ರೆಯಲ್ಲಿ ಬಿಟ್ಟ ಹುಡುಗರ ಹಾಗೆ ಮೇಲೆ ಕೆಳಗೆ ಕೂಗಾಡಿದೆವು. ಹಿಂಗೆ ಖುಷಿಯಾಗಿ ನನಗೆ ಎಷ್ಟು ವರ್ಷವಾಗಿತ್ತೋ!

ಮಾಬುಬಿ ಓಡುತ್ತ ಒಳಗೆ ಬಂದಳು. "ಸಿದ್ದಕ್ಕಾ, ಇನ್ನೊಂದು ಪಾರ್ಟಿ ಬಂತು! ಜೀಪಿನಾಗ!"

"ಹಂಗಾದ್ರ ಈಕಿ ಯಾರ?" ಎಂದು ಸಿದ್ದವ್ವ ಏಣಿಯ ಕಡೆ ನೋಡಿದಳು. ಉತ್ತರಕ್ಕೆ ಪುರುಸೊತ್ತಿರಲಿಲ್ಲ. ಬನಶಂಕರಿಯ ನಾಲ್ವರು ಹೊಸ್ತಿಲು ದಾಟಿ ಆಗಿತ್ತು. ಮುಂದಿನವರು ಹುಡುಗಿಯ ಸೋದರಮಾವ. ಕೂರುವ ಮೊದಲೇ ಜೇಬಿನಿಂದ ದಿಕ್ಸೂಚಿ ತೆಗೆದು ಬಾಗಿಲ ಬಳಿ ನೆಲಕ್ಕಿಟ್ಟು, ಮುಳ್ಳು ನಿಲ್ಲುವ ತನಕ ಕಾದು, ಎರಡು ಸಲ ಲೊಚಗುಟ್ಟಿದರು. ಆಮೇಲೆ ಏಣಿ ಇಳಿಯುತ್ತಿದ್ದ ನನ್ನನ್ನು ನೋಡಿ, "ನೀವು ಹುಡುಗನ ಅಕ್ಕ ಏನ್ರಿ?" ಎಂದರು. ಅರ್ಧ ತಾಸಿನಲ್ಲಿ ಅತ್ತಿಯಿಂದ ಅಕ್ಕನಿಗೆ ಇಳಿದಿದ್ದೆ, ಅಷ್ಟೇ ಸಮಾಧಾನ.

ಚಹಾ ಕುಡಿದು ಸೋದರಮಾವ ಗಂಟಲು ಸರಿಮಾಡಿಕೊಂಡರು. "ನೋಡ್ರಿ ಸಿದ್ದವ್ವಾರ, ಹುಡುಗ ನಮಗ ಪಸಂದ. ಮನಿ ಒಂದು ಸೊಟ್ಟ ಐತಿ. ಬಾಗಲಾ ಮೂಲಿಗೆ ಇರಬಾರದು, ತೊಲಿ ಹಿಂಗ ಅಡ್ಡ ಇರಬಾರದು. ಆ ತೊಲಿ ಕೊಯ್ಸಿ ಗ್ವಾಡಿ ನೆಟ್ಟಗ ಮಾಡಿಸ್ರಿ, ನಾಳೆನಽ ಹುಡುಗಿ ಕೊಡ್ತೇವಿ."

ಸಿದ್ದವ್ವ ಮಗನ ಮುಖ ನೋಡಿದಳು. ಮೂರು ಸಂಬಂಧ ಈ ಬಾಗಿಲಿಗೇ ತಪ್ಪಿದ್ದವೆಂದು ಮಾಬುಬಿ ನನ್ನ ಕಿವಿಯಲ್ಲಿ ಉಸುರಿದಳು. ನಾಗಲಿಂಗ ತೊಲೆಯನ್ನು ನೋಡಲಿಲ್ಲ. ಕಾಲ ಬೆರಳು ನೋಡುತ್ತ, "ಅವ್ವ ಹೆಂಗಂತಾಳ ಹಂಗ" ಎಂದ.

ಆ ದನಿ ನನಗೆ ಗೊತ್ತು. ಅಣ್ಣನ ಎದುರು ನಾನು ತೆಗೆದದ್ದೂ ಅದೇ ದನಿ. ಸಾಕಾಗಿ ಹೋದವರ ದನಿ. ನನ್ನ ಮೈಯೆಲ್ಲ ಉರಿಯಿತು.

"ಕೊಯ್ಯೂದಿಲ್ರಿ!" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ಸೊಟ್ಟ ಇರೂದು ಮನಿ ಅಲ್ರಿ, ಸೈಟು ಸಣ್ಣದು. ಸಣ್ಣ ಸೈಟಿನಾಗ ದೊಡ್ಡ ತೊಲಿ ಇಡೀಯಾಗಿ ಕೂಡಬೇಕಂದ್ರ ಇರೂದು ಇದೊಂದಽ ದಾರಿ. ಹದಿನೆಂಟು, ಇಪ್ಪತ್ನಾಲ್ಕು, ಮೂವತ್ತು. ಎಂಟನೇ ಕ್ಲಾಸಿನ ಹುಡುಗರೂ ಹೇಳ್ತಾವ. ಇವರು ಅದನ್ನ ಕಟ್ಟಿ ನಿಲ್ಲಿಸ್ಯಾರ. ನಾ ಬೆಳಗಿನಿಂದ ಈ ಊರು ಕಾಲು ಸೋಲುವಂಗ ತಿರಗೀನಿ, ಇಂಥಾ ಮನಿ ಒಂದೂ ನೋಡಿಲ್ಲ. ಕೊಯ್ಯಬೇಕು ಅನ್ನವರು ಬ್ಯಾರೆ ಮನಿ ನೋಡಿಕೋರಿ!"

ಸೋದರಮಾವ ದಿಕ್ಸೂಚಿಯನ್ನು ಜೇಬಿಗಿಳಿಸಿದರು. "ಹುಡುಗನ ಅಕ್ಕ ಇಷ್ಟು ಗಟ್ಟಿ ಇದ್ರ ನಮ್ಮ ಹುಡುಗಿ ಬಾಳೂದು ಕಷ್ಟ" ಎಂದು ತಮ್ಮವರಿಗೆ ಹೇಳಿ, ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟೇ ಹೋದರು. ಜೀಪು ತಿರುಗಿದ ಸಪ್ಪಳ ಕೇಳಿಸಿತು.

ಸಿದ್ದವ್ವ ಕೆಳಗೆ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರು. "ನಾಕನೇದು ಯವ್ವಾ ಇದು. ನೀ ಯಾರು? ಯಾವ ಹುಡುಗಿ ಸಲುವಾಗಿ ಬಂದಿ?"

"ಯಾರ ಸಲುವಾಗೂ ಬಂದಿಲ್ರಿ ಅವ್ವಾರ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಗಿತ್ತು. "ನಾ ಡ್ರಾಯಿಂಗ್ ಟೀಚರು. ಸಾಲಿ ಹುಡುಗರಿಗೆ ತೋರಸಾಕ ಕಟ್ಟಡ ನೋಡ್ಕೊಂತ ಬಂದೆ. ನೀವು ಒಳಗ ಕರದ್ರಿ. ತಪ್ಪಾತು."

"ಮತ್ತ ನಾಕು ಉಂಡಿ ತಿಂದ್ಯಲ್ಲ?"

"ರುಚಿ ಇದ್ದುವು, ತಿಂದೆ."

ನಾಗಲಿಂಗನಿಗೆ ನಗು ತಡೆಯಲಾಗಲಿಲ್ಲ. ಮೊದಲು ಬಾಯಿಗೆ ಕೈ ಅಡ್ಡ ಹಿಡಿದ, ಆಮೇಲೆ ಕೈಯನ್ನೂ ಬಿಟ್ಟ. ಬಾಗಿಲಲ್ಲಿ ನಿಂತಿದ್ದ ಮಾಬುಬಿಯೂ ಶುರುಮಾಡಿದಳು. ಸಿದ್ದವ್ವ ಅಳು ನಿಲ್ಲಿಸಿ, ನಗುವ ಮಗನನ್ನು ಬಿಟ್ಟ ಕಣ್ಣಿನಿಂದ ನೋಡಿದಳು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅಣ್ಣ.

"ಐದು ಆಗೂತನ ಕೆರೂರವರಿಗೆ ತಾಳ್ಮಿ ಇಲ್ಲಂತ. ಈಗಽ ಹೇಳು, ಏನನ್ನಲಿ?"

"ಇಲ್ಲ ಅನ್ನು."

"ಯಾಕ?"

"ನೌಕರಿ ಬಿಡು ಅಂತಾರ. ನಾ ಬಿಡೂದಿಲ್ಲ."

"ನಿನಗ ಮೂವತ್ತೆಂಟು, ರೋಹಿಣಿ! ಇನ್ನ ಯಾರು ಬರ್ತಾರ ನಿನ್ನ ನೋಡಾಕ?"

"ಯಾರೂ ಬರೂದು ಬ್ಯಾಡ" ಎಂದೆ. ಅಣ್ಣನಿಗೆ ಹೇಳುತ್ತಿದ್ದೇನೋ ಯಾರಿಗೆ ಹೇಳುತ್ತಿದ್ದೇನೋ ನನಗೇ ಗೊತ್ತಿರಲಿಲ್ಲ. "ನಾನಽ ಬಂದೀನಿ. ನಾನಽ ನೋಡೀನಿ."

ಫೋನನ್ನು ಕಿವಿಯಿಂದ ಸರಿಸಿ ನಾಗಲಿಂಗನ ಮುಖ ನೋಡಿದೆ. ನಿಜಕ್ಕೂ ಕಣ್ಣು, ಹಲ್ಲು ಎಲ್ಲ ಚೆನ್ನಾಗಿಯೇ ಇದ್ದವು. "ನನಗ ಪಸಂದ ಐತ್ರಿ" ಎಂದೆ. "ತೊಲಿ ಹಂಗಽ ಇರ್ಲಿ. ನಿಮಗ..."

ಅವನ ಕಿವಿ ಕೆಂಪಾಯಿತು. ಕೂದಲಿನ ಹೊಟ್ಟು ಕೊಡವಿಕೊಂಡ, ಕೊಡವಿದ್ದನ್ನೇ ಮತ್ತೆ ಕೊಡವಿದ. ಆಮೇಲೆ ಈ ಸಲ ಅವ್ವನ ಮುಖ ನೋಡದೆ, "ನಿಮ್ಮ ನೌಕರಿನೂ ಹಂಗಽ ಇರ್ಲಿ" ಎಂದ.

"ಹಲೋ? ಹಲೋ?" ಅಣ್ಣ ಒದರುತ್ತಿದ್ದ. "ಯಾರ ಜೋಡಿ ಮಾತಾಡಾಕತ್ತಿ? ಯಾರ ಮನಿಯಾಗ ಅದಿ? ಅಲ್ಲಿ ನಿನ್ನ ಕಡೆಯವರು ಯಾರದಾರ?"

"ಯಾರಿಲ್ಲ, ನಾ ಒಬ್ಬಾಕಿನಽ" ಎನ್ನುವಷ್ಟರಲ್ಲಿ ಸಿದ್ದವ್ವ ಎದ್ದು ಬಂದು ನನ್ನ ಕೈಯಿಂದ ಫೋನು ಕಸಿದುಕೊಂಡಳು. ಅದನ್ನು ಕಿವಿಗೆ ಇಡಬೇಕೋ ಬಾಯಿಗೆ ಇಡಬೇಕೋ ತಿಳಿಯದೆ ಎದುರಿಗೆ ಹಿಡಿದುಕೊಂಡು ಓಣಿಗೆಲ್ಲ ಕೇಳುವಂತೆ ಹೇಳಿದಳು.

"ಒಬ್ಬಾಕಿ ಅಲ್ರಿ, ಈಕಿ ಕಡಿಂದ ನಾ ಅದೇನಿ. ನಾಳೆ ಮುಂಜಾನೆ ಬರ್ರಿ, ಮಾತಾಡೋಣು."